ಸೆಕೆಂಡ್‌ಹ್ಯಾಂಡ್ ‘ಲೇಡಿ ಆ್ಯನ್’ ಉಗಿ ಎಂಜಿನ್: ಮೊದಲು ಬಾಯ್ಲರ್ ನೋಡಿ, ಬಣ್ಣ ಆಮೇಲೆ

ಇಂಗ್ಲೆಂಡಿನ ಡಾನ್‌ಕಾಸ್ಟರಿನ ರೌಂಡ್‌ಹೌಸ್ ಎಂಜಿನಿಯರಿಂಗ್ 1982ರಿಂದ ಮನೆಯ ತೋಟದಲ್ಲಿ ಓಡಿಸುವ ಪುಟ್ಟ ಮಾದರಿ ರೈಲಿಗೆಂದು ನಿಜವಾದ ಉಗಿಯಲ್ಲೇ ಓಡುವ ಎಂಜಿನ್‌ಗಳನ್ನು ಮಾಡುತ್ತಿದೆ. ಹಳೇ ಮಾಲಿನ ಮಾರುಕಟ್ಟೆಯಲ್ಲಿ ಅವರ ಆರು ಚಕ್ರದ ‘ಲೇಡಿ ಆ್ಯನ್’ ಟ್ಯಾಂಕ್ ಎಂಜಿನ್ ಆಗಾಗ ಸಿಗುತ್ತದೆ. ಒಂದು ಅಡಿಗೆ 16 ಮಿ.ಮೀ. ಎಂಬ ಅಳತೆಯ ಮಾದರಿ ಇದು. 32 ಮಿ.ಮೀ. ಹಳಿಯ ಮೇಲೆ ನಿಂತಾಗ ಎರಡಡಿ ಗೇಜಿನ (ಹಳಿಗಳ ನಡುವಿನ ಅಂತರ) ರೈಲನ್ನು ಸರಿಯಾದ ಪ್ರಮಾಣದಲ್ಲಿ ತೋರಿಸುತ್ತದೆ. ಡಾರ್ಜಿಲಿಂಗ್, ಮಾಥೇರಾನ್ ಬೆಟ್ಟದ ರೈಲುಗಳ ಗೇಜೂ ಅದೇ ಎರಡಡಿ.

ರಿಪೇರಿಗೆಂದೇ ಹಳೇ ಎಂಜಿನ್ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಕಡಿಮೆ. ಬಿಡಿಭಾಗ ಈಗಲೂ ಸಿಗುತ್ತದೆ, ಇಡೀ ಎಂಜಿನ್ನನ್ನು ಸ್ಕ್ರೂ ಬಿಚ್ಚಿಯೇ ಕಳಚಬಹುದು, ಬಾಯ್ಲರ್ ಬೆಳ್ಳಿ ಬೆಸುಗೆ ಹಾಕಿದ ತಾಮ್ರದ್ದು. ಆದರೆ ಕೈಬದಲಾದ ಎಂಜಿನ್‌ಗಳೆಲ್ಲ ಒಂದೇ ಥರ ಇರುವುದಿಲ್ಲ. ಕಾರ್ಖಾನೆಯಲ್ಲೇ ಜೋಡಿಸಿದ್ದೂ ಇದೆ, ಕಿಟ್ ಕೊಂಡು ಮನೆಯ ಮೇಜಿನ ಮೇಲೆ ಜೋಡಿಸಿದ್ದೂ ಇದೆ. ಕಿಟ್ಟಿನದು ಕೀಳೆಂದಲ್ಲ. ಆದರೆ ಸಿಲಿಂಡರಿಗೆ ಉಗಿ ಬಿಡುವ ಕವಾಟದ ಹೊಂದಾಣಿಕೆ, ರಾಡುಗಳ ಸಡಿಲ, ಪೈಪಿನ ಬಾಗು ಎಲ್ಲವನ್ನೂ ಖುದ್ದಾಗಿ ಪರೀಕ್ಷಿಸಬೇಕು.

ಮಾರುವವರಿಂದ ಕೇಳಿ ತರಿಸಬೇಕಾದ ಮೊದಲ ಫೋಟೋ ಬಾಯ್ಲರಿನದು. ತಾಮ್ರ ಕಪ್ಪಾಗಿದ್ದರೆ, ಕಿಲುಬು ಹಿಡಿದಿದ್ದರೆ ಚಿಂತೆಯಿಲ್ಲ. ಕಣ್ಣಿಡಬೇಕಾದ್ದು ಬುಷ್‌ಗಳ, ಅಂದರೆ ವಾಲ್ವ್, ಪೈಪು ಕೂರಿಸಲು ಬಾಯ್ಲರಿಗೆ ಬೆಸೆದ ಲೋಹದ ಬಳೆಗಳ ಬುಡದಲ್ಲಿ. ಅಲ್ಲಿ ಬೂದುಬಣ್ಣದ, ಮೆತ್ತಗೆ ಹೊಳೆಯುವ ತೇಪೆ ಕಂಡರೆ, ಸೋರಿಕೆ ನಿಲ್ಲಿಸಲು ಯಾರೋ ರೇಡಿಯೋ ರಿಪೇರಿಯ ಸೀಸದ ಬೆಸುಗೆ ಹಾಕಿದ್ದಾರೆ ಎಂದರ್ಥ. ಅಂಥ ಎಂಜಿನ್ ಬೇಡ. ಸೀಸದ ಬೆಸುಗೆ ಸುಮಾರು 190 ಡಿಗ್ರಿಗೆಲ್ಲ ಕರಗುತ್ತದೆ. 40 ಪಿಎಸ್‌ಐ (ಚದರ ಅಂಗುಲಕ್ಕೆ 40 ಪೌಂಡ್) ಒತ್ತಡದ ಉಗಿಯೇ 141 ಡಿಗ್ರಿ ಇರುತ್ತದೆ, ನೀರು ಬತ್ತಿದ ಬಾಯ್ಲರಿನ ಕೆಳಗೆ ಉರಿ ಇದ್ದರೆ ಇನ್ನೂ ಮೇಲೇರುತ್ತದೆ. ಸರಿಯಾದ ಬೆಳ್ಳಿ ಬೆಸುಗೆಯನ್ನೇ ಮತ್ತೆ ಹಾಕೋಣವೆಂದರೆ, ಉಳಿದ ಸೀಸ ಆ ಕಾವಿನಲ್ಲಿ ತಾಮ್ರವನ್ನೇ ತಿನ್ನುತ್ತದೆ. ಇದೊಂದು ದೋಷ ಬಿಟ್ಟು ಮುಂದೆ ಹೇಳುವುದೆಲ್ಲವೂ ರಿಪೇರಿಯಾಗುವಂಥದ್ದೇ.

ಎರಡನೇ ಫೋಟೋ ಸ್ಕ್ರೂ ತಲೆಗಳದ್ದು. ಇಲ್ಲಿರುವುದು ಬಿಎ (ಬ್ರಿಟಿಷ್ ಅಸೋಸಿಯೇಷನ್) ಎಂಬ ಹಳೇ ಬ್ರಿಟಿಷ್ ಅಳತೆಯ ಮರೆಗಳು, ಅಂದರೆ ಸ್ಕ್ರೂವಿನ ಥ್ರೆಡ್‌ಗಳು. 6 ಬಿಎ ಅಂದರೆ 2.8 ಮಿ.ಮೀ. ದಪ್ಪ, 0.53 ಮಿ.ಮೀ. ಪಿಚ್ (ಒಂದು ಸುತ್ತಿನಿಂದ ಮುಂದಿನದಕ್ಕೆ ಇರುವ ದೂರ). 8 ಬಿಎ ಅಂದರೆ 2.2 ಮಿ.ಮೀ. ದಪ್ಪ, 0.43 ಪಿಚ್. ನಮ್ಮ ಹಾರ್ಡ್‌ವೇರ್ ಅಂಗಡಿಯ ಎಂ3, ಎಂ2 ಸ್ಕ್ರೂಗಳು ಕಣ್ಣಿಗೆ ಹತ್ತಿರವೇ ಕಾಣುತ್ತವೆ. ಎಂ3 ಒಂದೂವರೆ ಸುತ್ತು ಹೋಗಿ ಬಿಗಿಯುತ್ತದೆ, ಒತ್ತಿ ತಿರುಗಿಸಿದರೆ ಹಿತ್ತಾಳೆಯ ಮರೆ ಕಿತ್ತುಬರುತ್ತದೆ. ಎಂ2 ಲೊಡಲೊಡ ಎನ್ನುತ್ತದೆ. ಕಳಚುವ ಮೊದಲೇ ಬಿಎ ಸ್ಕ್ರೂಗಳ ಒಂದು ಪೊಟ್ಟಣವನ್ನೂ ಅದಕ್ಕೆ ಹೊಂದುವ ಸ್ಪ್ಯಾನರ್‌ಗಳನ್ನೂ ತರಿಸಿಟ್ಟುಕೊಳ್ಳಿ.

ಬಾಯ್ಲರ್ ಹೊರಬಂದ ಮೇಲೆ ಸೇಫ್ಟಿ ವಾಲ್ವ್, ಪ್ರೆಷರ್ ಗೇಜ್ ಎರಡನ್ನೂ ಬಿಚ್ಚಿ ಪಕ್ಕಕ್ಕಿಡಿ. ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ತುಂಬಿ, ಅರ್ಧ ಗಂಟೆ ಬಿಟ್ಟು ಅಲ್ಲಾಡಿಸಿ ಚೆಲ್ಲಿ. ನೀಲಿಹಸಿರು ನೀರಿನ ಜೊತೆ ಸುಣ್ಣದ ಚೂರುಗಳು ಬರುತ್ತವೆ. ಚೂರು ಬರುವುದು ನಿಲ್ಲುವ ತನಕ ಇದೇ ಕೆಲಸ, ಕೊನೆಯಲ್ಲಿ ಒಂದು ಚಮಚ ಅಡುಗೆ ಸೋಡಾ ಕದಡಿದ ನೀರು, ಆಮೇಲೆ ನಾಲ್ಕು ಸಲ ಬರೀ ನೀರು.

ಇನ್ನು ಒತ್ತಡದ ಪರೀಕ್ಷೆ. ಇದನ್ನು ಬಿಟ್ಟು ಉಗಿ ಎಬ್ಬಿಸುವುದು ತಪ್ಪು, ಎಂಜಿನ್ ಎಷ್ಟೇ ಹೊಸದಾಗಿ ಕಂಡರೂ ಸರಿ. ಕೆಲಸದ ಒತ್ತಡ 40 ಪಿಎಸ್‌ಐ ಆದ್ದರಿಂದ ಮರುಪರೀಕ್ಷೆ ಅದರ ಒಂದೂವರೆ ಪಟ್ಟಿಗೆ, ಅಂದರೆ 60ಕ್ಕೆ. ಬೆಸುಗೆಯ ರಿಪೇರಿ ಆಗಿದ್ದರೆ ಹೊಸ ಬಾಯ್ಲರಿನಂತೆಯೇ ಎರಡು ಪಟ್ಟು, 80ಕ್ಕೆ. ಬಾಯ್ಲರಿನಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ತಣ್ಣೀರು ತುಂಬಿ, ತೂತುಗಳಿಗೆ ಬಿರಡೆ ಹಾಕಿ, ಕೈಪಂಪಿನಿಂದ ನಿಧಾನವಾಗಿ ಏರಿಸಿ ಹತ್ತು ನಿಮಿಷ ಮುಳ್ಳನ್ನು ನೋಡುತ್ತಿರಿ. ಈ ಕೆಲಸಕ್ಕೆ ಗಾಳಿ ಬಳಸಲೇಬಾರದು. ನೀರು ಕುಗ್ಗುವುದಿಲ್ಲ, ಬೆಸುಗೆ ಬಿಟ್ಟರೆ ಎರಡು ಹನಿ ಚಿಮ್ಮಿ ಒತ್ತಡ ಇಳಿಯುತ್ತದೆ. ಗಾಳಿ ತುಂಬಿದ ಬಾಯ್ಲರ್ ಒಡೆದರೆ ಸಿಡಿಯುತ್ತದೆ. ಎಂಜಿನ್ನಿನ ಸ್ವಂತ ಗೇಜನ್ನೂ ಇನ್ನೊಂದು ನಂಬಿಕಸ್ತ ಗೇಜಿನ ಪಕ್ಕದಲ್ಲಿಟ್ಟು ಹೋಲಿಸಿ. ಈ ಪುಟ್ಟ ಗೇಜುಗಳು ವರ್ಷ ಕಳೆದಂತೆ ಸುಳ್ಳು ಹೇಳತೊಡಗುತ್ತವೆ.

‘ಎಂಜಿನ್ ಕೆಟ್ಟಿದೆ, ಉಗಿ ಏರುವುದಿಲ್ಲ’ ಎಂದು ಅಗ್ಗಕ್ಕೆ ಬಿಕರಿಯಾಗುವ ಮಾಲಿನಲ್ಲಿ ಹೆಚ್ಚಿನ ಪಾಲು ದೋಷ ಗ್ಯಾಸ್ ಜೆಟ್ಟಿನದೇ, ಅಂದರೆ ನೀರು ಕಾಯಿಸುವ ಬರ್ನರಿಗೆ ಗ್ಯಾಸ್ ಬಿಡುವ ಪುಟ್ಟ ಮೂತಿಯದೇ. ಬೆಳಕಿಗೆ ಹಿಡಿದು ನೋಡಿದರೆ ಅದರ ತೂತು ಕೂದಲೆಳೆಯಷ್ಟು. ಗ್ಯಾಸಿನ ಜೊತೆ ಬಂದ ಎಣ್ಣೆಯ ಜಿಡ್ಡು ಅಲ್ಲಿ ಅಂಟಿದರೂ ಉರಿ ಸೊರಗುತ್ತದೆ. ತಂತಿ, ಸೂಜಿ ಹಾಕಬೇಡಿ. ತೂತು ಒಂದಿಷ್ಟು ಹಿಗ್ಗಿದರೆ ಜೆಟ್ಟು ಎಸೆಯುವುದಕ್ಕೇ ಸರಿ. ಥಿನ್ನರಿನಲ್ಲಿ ಒಂದು ರಾತ್ರಿ ನೆನೆಸಿ, ಗ್ಯಾಸ್ ಹೊರಡುವ ಕಡೆಯಿಂದ ಒಳಕ್ಕೆ ಗಾಳಿ ಊದಿ. ತಿರುಗಿ ಕೂರಿಸುವಾಗ ಕೊಳಾಯಿ ಕೆಲಸದ ಬಿಳಿ ಟೇಪು ಸುತ್ತುವುದು ಎಲ್ಲರೂ ಮಾಡುವ ತಪ್ಪು. ಆ ಟೇಪಿನ ಒಂದು ಎಳೆ ಹರಿದು ಒಳಗೆ ಹೋದರೆ ಅದೇ ಜೆಟ್ಟು ಮತ್ತೆ ಕಟ್ಟುತ್ತದೆ. ಮರೆಗೆ ಹಚ್ಚುವ ದ್ರವ ಸೀಲರ್ ಒಂದು ಹನಿ ಸಾಕು.

ಗ್ಯಾಸ್ ಟ್ಯಾಂಕಿನ ತುಂಬುವ ವಾಲ್ವಿನಲ್ಲೂ ನಿಯಂತ್ರಣದ ಸೂಜಿಯಲ್ಲೂ ಓ-ರಿಂಗ್ ಎಂಬ ರಬ್ಬರ್ ಉಂಗುರಗಳಿವೆ. ವರ್ಷಗಟ್ಟಲೆ ಕಪಾಟಿನಲ್ಲಿದ್ದ ಎಂಜಿನ್ನಿನಲ್ಲಿ ಅವು ಒಣಗಿ ಬಿರುಕು ಬಿಟ್ಟಿರುತ್ತವೆ. ಪರೀಕ್ಷಿಸುತ್ತ ಕೂರದೆ ಬದಲಿಸಿಬಿಡಿ. ಆಮೇಲೆ ಸ್ವಲ್ಪ ಗ್ಯಾಸ್ ತುಂಬಿದ ಟ್ಯಾಂಕನ್ನು ನೀರಿನ ಪಾತ್ರೆಯಲ್ಲಿ ಮುಳುಗಿಸಿ ನೋಡಿ, ಒಂದು ಗುಳ್ಳೆಯೂ ಏಳಬಾರದು. ಬೆಂಕಿಕಡ್ಡಿ ಹಿಡಿದು ಸೋರಿಕೆ ಹುಡುಕುವ ಯೋಚನೆಯೂ ಬೇಡ. ಎಂಜಿನ್ನಿಗೆ ಕೂರಿಸಿದ ಮೇಲೆ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಇನ್ನೊಮ್ಮೆ ನೋಡಿ.

ಯಾವ ಗ್ಯಾಸ್ ಎಂಬುದರ ಬಗ್ಗೆ ಇಂಗ್ಲೆಂಡಿನ ಸಲಹೆಯನ್ನು ಹಾಗೇ ಪಾಲಿಸಬೇಕಿಲ್ಲ. ಅಲ್ಲಿ ಚಳಿಗೆ ಬ್ಯೂಟೇನ್ ಏಳುವುದಿಲ್ಲವೆಂದು ಪ್ರೊಪೇನ್ ಬೆರೆಸಿದ ಡಬ್ಬಿ ಬಳಸುತ್ತಾರೆ. ಬೆಂಗಳೂರು, ಮೈಸೂರಿನ ಹವೆಗೆ ಬರೀ ಬ್ಯೂಟೇನ್ ಧಾರಾಳ. ಮನೆಯ ಸಿಲಿಂಡರಿನಿಂದ ಮಾತ್ರ ಎಂದೂ ತುಂಬಬೇಡಿ. ಅದರಲ್ಲಿ ಪ್ರೊಪೇನ್ ಇದೆ, 20 ಡಿಗ್ರಿಯಲ್ಲಿ ಪ್ರೊಪೇನಿನ ಆವಿಯ ಒತ್ತಡ ಬ್ಯೂಟೇನಿನದರ ನಾಲ್ಕು ಪಟ್ಟು.

ಹೊತ್ತಿಸುವಾಗ ಕಡ್ಡಿಯನ್ನು ಚಿಮಣಿಯ ಬಾಯಿಗೆ ಹಿಡಿದು ಗ್ಯಾಸನ್ನು ನಿಧಾನ ತೆರೆಯಿರಿ. ‘ಪಪ್’ ಎಂದು ಉರಿ ಹಿಂದಕ್ಕೆ ಹಾರಿ ಬಾಯ್ಲರಿನ ಕೊಳವೆಯೊಳಗೆ ಕೂರಬೇಕು. ಚಿಮಣಿಯ ಬುಡದ ಹೊಗೆಪೆಟ್ಟಿಗೆಯಲ್ಲೇ ನಿಂತು ಉರಿದರೆ ಅಲ್ಲಿಯ ಬಣ್ಣ ಸುಟ್ಟು ಸಿಪ್ಪೆಯೇಳುತ್ತದೆ. ಗ್ಯಾಸ್ ಜಾಸ್ತಿಯಾದಾಗ ಹಾಗಾಗುತ್ತದೆ, ಕಡಿಮೆ ಮಾಡಿ. ಜೋರಾಗಿ ಊಳಿಟ್ಟರೆ ಬರ್ನರಿನ ಗಾಳಿತೂತುಗಳಲ್ಲಿ ಕಸವಿದೆಯೇ, ಜೆಟ್ಟು ಓರೆಯಾಗಿ ಕೂತಿದೆಯೇ ನೋಡಿ. ಟ್ಯಾಂಕನ್ನು ಕಂಠಪೂರ್ತಿ ತುಂಬಿದ್ದರೆ ಮೊದಲ ಅರೆ ನಿಮಿಷ ದ್ರವ ಗ್ಯಾಸೇ ಬಂದು ಹಳದಿ ಉರಿ ಏಳುವುದುಂಟು.

ಸಿಲಿಂಡರ್ ಕಡೆ ಕೆಲಸ ಹೆಚ್ಚಿಲ್ಲ, ತಾಳ್ಮೆ ಬೇಕು. ಚಕ್ರ ತಿರುಗದಿದ್ದರೆ ಕೈಯಿಂದ ಬಲ ಹಾಕಬೇಡಿ, ಕ್ರ್ಯಾಂಕ್ ಜಾರಿದರೆ ಎರಡು ಬದಿಯ 90 ಡಿಗ್ರಿ ಅಂತರ ಕೆಡುತ್ತದೆ. ಹಳೇ ಉಗಿ ಎಣ್ಣೆ ಗೋಂದಿನಂತಾಗಿರುತ್ತದೆ ಅಷ್ಟೇ. ಸೀಮೆಎಣ್ಣೆ ಬಿಟ್ಟು ಎರಡು ದಿನ ಸುಮ್ಮನಿದ್ದರೆ ತಾನಾಗಿ ಸಡಿಲಾಗುತ್ತದೆ. ಪಿಸ್ಟನ್ ರಾಡಿನ ಪಕ್ಕದಲ್ಲಿ ಉಗಿ ಸೋರುತ್ತಿದ್ದರೆ ಗ್ರಾಫೈಟ್ ದಾರ ಎರಡು ಸುತ್ತು ಹಾಕಿ, ನಟ್ಟನ್ನು ಬೆರಳಲ್ಲಿ ಬಿಗಿದು ಆಮೇಲೆ ಸ್ಪ್ಯಾನರಿನಲ್ಲಿ ಎಂಟನೇ ಒಂದು ಸುತ್ತು. ಅದಕ್ಕಿಂತ ಬಿಗಿದರೆ ಎಂಜಿನ್ ಕುಂಟುತ್ತದೆ.

ಇದಿಷ್ಟಾದ ಮೇಲೆ ಉಗಿಗೆ ಮೊದಲು ಗಾಳಿಯಲ್ಲಿ ಓಡಿಸಿ. ಸಿಲಿಂಡರಿಗೆ ಹೋಗುವ ಪೈಪಿಗೆ ಕಂಪ್ರೆಸರಿನಿಂದ 15-20 ಪಿಎಸ್‌ಐ ಕೊಟ್ಟರೆ ಸಾಕು. ಚಕ್ರದ ಒಂದು ಸುತ್ತಿಗೆ ನಾಲ್ಕು ಸಮಾನ ‘ಚಫ್’ ಕೇಳಬೇಕು. ಎರಡು ಗಟ್ಟಿ, ಎರಡು ಮೆತ್ತಗೆ ಕೇಳಿದರೆ ಒಂದು ಕಡೆಯ ಕವಾಟ ಹಿಂದೆಮುಂದೆ ಕೂತಿದೆ. ಎಂಜಿನ್ ನಿಂತಿರುವಾಗಲೂ ಚಿಮಣಿಯಿಂದ ಗಾಳಿ ಸುಯ್ಯೆಂದು ಬರುತ್ತಿದ್ದರೆ ಕವಾಟ ತನ್ನ ಪೀಠದ ಮೇಲೆ ಸರಿಯಾಗಿ ಕೂತಿಲ್ಲ, ಇಲ್ಲವೇ ಪಿಸ್ಟನ್ನಿನ ಸೀಲು ಸವೆದಿದೆ.

ಎಣ್ಣೆಯ ವಿಷಯದಲ್ಲಿ ರಾಜಿ ಬೇಡ. ಬೇಕಾದ್ದು 460 ದರ್ಜೆಯ ಉಗಿ ಸಿಲಿಂಡರ್ ಎಣ್ಣೆ, ಜೇನಿನಷ್ಟು ದಪ್ಪ. ಕಾರಿನ ಎಣ್ಣೆ ಕಾದ ಉಗಿಯಲ್ಲಿ ತೊಳೆದುಹೋಗುತ್ತದೆ. ಇಲ್ಲಿರುವ ಲೂಬ್ರಿಕೇಟರಿಗೆ (ಸಿಲಿಂಡರಿಗೆ ಎಣ್ಣೆ ಉಣಿಸುವ ಡಬ್ಬಿ) ಪಂಪಿಲ್ಲ. ಒಳಹೊಕ್ಕ ಉಗಿ ತಣಿದು ನೀರಾಗಿ ತಳ ಸೇರುತ್ತದೆ, ಮೇಲೆ ತೇಲುವ ಎಣ್ಣೆಯನ್ನು ಸ್ವಲ್ಪಸ್ವಲ್ಪವೇ ಉಗಿಯ ದಾರಿಗೆ ತಳ್ಳುತ್ತದೆ. ಹೀಗಾಗಿ ಪ್ರತಿ ಓಟದ ನಂತರವೂ ಆ ನೀರನ್ನು ತೆಗೆಯಬೇಕು. ಮೊದಲು ಹಾಲಿನಂಥ ನೀರು, ಕೊನೆಗೆ ಉಳಿದ ಕಂದು ಎಣ್ಣೆ. ಬರೀ ನೀರೇ ಬಂದು ಎಣ್ಣೆಯ ಸುಳಿವಿಲ್ಲದಿದ್ದರೆ ಆ ಓಟದ ಕೊನೇ ಭಾಗವೆಲ್ಲ ಒಣ ಸಿಲಿಂಡರಿನಲ್ಲಿ ನಡೆದಿದೆ.

ಹಳಿಯ ಗೇಜ್ ಬದಲಿಸಿ ಚಕ್ರ ಕೂರಿಸುವವರು 32 ಮಿ.ಮೀ. ಹಳಿಗೆ ಚಕ್ರಗಳ ಒಳಮೈ ನಡುವೆ 28 ಮಿ.ಮೀ. ಇಡಬೇಕು. ಬಣ್ಣದ ಬಗ್ಗೆ ಹೇಳುವುದು ಸ್ವಲ್ಪವೇ: ಹಿತ್ತಾಳೆಗೆ ಎಚ್ (etch) ಪ್ರೈಮರ್, ಅಂದರೆ ಲೋಹವನ್ನು ಕಚ್ಚಿ ಹಿಡಿಯುವ ಮೊದಲ ಲೇಪ ಇಲ್ಲದೆ ಹಚ್ಚಿದ್ದು ನಿಲ್ಲುವುದಿಲ್ಲ, ಹೊಗೆಪೆಟ್ಟಿಗೆಗೆ ಬೈಕ್ ಸೈಲೆನ್ಸರಿನ ಕಾವು ತಡೆಯುವ ಕಪ್ಪು ಬಣ್ಣ ಚೆನ್ನಾಗಿ ಹಿಡಿಯುತ್ತದೆ.

ನೀರಿಗೆ ಬೋರ್‌ವೆಲ್ ಬೇಡ. ನಿಂಬೆ ಉಪ್ಪಿನಲ್ಲಿ ತೆಗೆದ ಸುಣ್ಣ ಒಂದೇ ಬೇಸಿಗೆಯಲ್ಲಿ ವಾಪಸಾಗುತ್ತದೆ. ಮಳೆಗಾಲದಲ್ಲಿ ತಾರಸಿಯ ಮೊದಲ ಕೊಳೆ ಹರಿದುಹೋದ ಮೇಲೆ ಹಿಡಿದು, ಬಟ್ಟೆಯಲ್ಲಿ ಸೋಸಿದ ನೀರು ಎರಡು ಕ್ಯಾನ್ ಇದ್ದರೆ ವರ್ಷಕ್ಕಾಗುತ್ತದೆ. ಬಾಯ್ಲರನ್ನು ಮುಕ್ಕಾಲಿಗಿಂತ ಸ್ವಲ್ಪ ಹೆಚ್ಚು ತುಂಬಿ. ಪೂರ್ತಿ ತುಂಬಿದರೆ ಉಗಿಯ ಜೊತೆ ನೀರೂ ನುಗ್ಗಿ ಚಿಮಣಿಯಿಂದ ಚಿಮ್ಮುತ್ತದೆ. ನೀರು ಗ್ಯಾಸ್ ಎರಡನ್ನೂ ಒಟ್ಟಿಗೆ ತುಂಬಿದಾಗ ಗ್ಯಾಸೇ ಮೊದಲು ಮುಗಿಯುವಂತೆ ಟ್ಯಾಂಕಿನ ಗಾತ್ರ ಇಟ್ಟಿದ್ದಾರೆ. ಈ ಎಂಜಿನ್ನಿನಲ್ಲಿ ಬಹಳ ಮೆಚ್ಚಬೇಕಾದ ವಿಚಾರ ಅದು. ಆದರೆ ನಡುವೆ ಗ್ಯಾಸ್ ಮಾತ್ರ ತುಂಬಿ ನೀರು ಮರೆತರೆ ಆ ರಕ್ಷಣೆ ಇಲ್ಲ.

ವಿದೇಶದಿಂದ ತರಿಸುವವರು ಗ್ಯಾಸ್ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ವಾಲ್ವ್ ತೆರೆದಿಟ್ಟೇ ಪ್ಯಾಕ್ ಮಾಡುವಂತೆ ಮಾರುವವರಿಗೆ ಹೇಳಬೇಕು. ಗ್ಯಾಸ್ ವಾಸನೆಯ ಪಾರ್ಸೆಲ್ ವಿಮಾನ ಹತ್ತುವುದಿಲ್ಲ. ಓ-ರಿಂಗ್, ಒಂದು ಹೆಚ್ಚುವರಿ ಜೆಟ್ಟು, ಬಿಎ ಸ್ಕ್ರೂಗಳನ್ನು ಅದೇ ಪೆಟ್ಟಿಗೆಯಲ್ಲಿ ಹಾಕಿಸಿ.