ಬೀದರ್ ಚೌಬಾರಾ ಹತ್ತಿರದ ಬಿದರಿ ಅಂಗಡಿ: ಮಾಲ್ಡೀವ್ಸ್ ಶಾಲೆಗೆ ಒಯ್ದ ಬೀಳ್ಕೊಡುಗೆ

ಆರು ವರ್ಷ ಮಾಲ್ಡೀವ್ಸ್‌ನ ಒಂದು ಸಣ್ಣ ದ್ವೀಪದಲ್ಲಿ ಮಕ್ಕಳಿಗೆ ಗಣಿತ ಕಲಿಸಿದೆ. ಈ ಸಲ ರಜೆಗೆ ಊರಿಗೆ ಬರುವಾಗಲೇ ರಾಜೀನಾಮೆ ಕೊಟ್ಟಾಗಿತ್ತು. ಮುಂದಿನ ಕೆಲಸ ಒಮಾನ್‌ನಲ್ಲಿ. ಮಧ್ಯೆ ಒಂದೂವರೆ ತಿಂಗಳು ಮತ್ತೆ ಅದೇ ಶಾಲೆಗೆ ಹೋಗಿ ಪಾಠ ಮುಗಿಸಿ, ಎಲ್ಲರಿಗೂ ಹೇಳಿ ಹೊರಡಬೇಕಿತ್ತು. ಬರಿಗೈಲಿ ಹೋಗಲು ಮನಸ್ಸು ಒಪ್ಪಲಿಲ್ಲ. ರಂಜಾನ್ ತಿಂಗಳಲ್ಲಿ ಸಂಜೆ ಆದ್ರೆ ಸಾಕು, ಯಾರದಾದರೂ ಮನೆಯಿಂದ ನನ್ನ ಬಾಗಿಲಿಗೆ ತಟ್ಟೆ ಬರುತ್ತಿತ್ತು. ಅಂಥವರಿಗೆ ಏರ್‌ಪೋರ್ಟ್‌ನ ಚಾಕೊಲೇಟ್ ಕೊಟ್ಟು ಬರೋದಾ?

ನಮ್ಮ ಬೀದರಿನದೇ ಏನಾದರೂ ಕೊಡೋಣ ಅಂತ ಚೌಬಾರಾ ಗೋಪುರದ ಹತ್ತಿರ, ಕಪ್ಪು ಲೋಹದಲ್ಲಿ ಬೆಳ್ಳಿ ತಂತಿ ಕೂರಿಸುವ ಬಿದರಿ ಕೆಲಸದ ಈ ಸಣ್ಣ ಅಂಗಡಿಗೆ ಹೋದೆ. ಮುಂದೆ ಅಂಗಡಿ, ಹಿಂದೆಯೇ ಕೆಲಸದ ಕೋಣೆ. ಇಲ್ಲಿಗೆ ಹೋಗಿ ಅಂತ ಧೈರ್ಯವಾಗಿ ಹೇಳ್ತೀನಿ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿದೆ: ಮಾಲ್ಡೀವ್ಸ್‌ಗೆ ಪೂಜೆಯ ಮೂರ್ತಿ ಒಯ್ಯುವಂತಿಲ್ಲ, ಹಾಗಾಗಿ ಗಣಪತಿ, ಬುದ್ಧ ಬೇಡ. ಅಂಗಡಿಯ ಚಾಚಾ ಬೇಸರ ಮಾಡಿಕೊಳ್ಳದೆ ಹೂಬಳ್ಳಿ, ಅಶ್ರಫಿ ಬೂಟಿ ಅನ್ನೋ ಹೂವಿನ ವಿನ್ಯಾಸ ಇರುವ ಸಾಮಾನುಗಳನ್ನೇ ಒಂದೊಂದಾಗಿ ತೆಗೆದು ತೋರಿಸಿದರು. ಸಹೋದ್ಯೋಗಿಗಳಿಗೆ ಹನ್ನೊಂದು ಕೀಚೈನ್ ತಗೊಂಡೆ, ಒಂದಕ್ಕೆ 300 ರೂಪಾಯಿ. ಶಾಲೆಯ ಲೈಬ್ರರಿಗೆ ಅಂತ ಒಂದು ಡಬ್ಬಿ, 1,800. ಅದರ ಮುಚ್ಚಳದ ಮೇಲೆ ಮಾಲ್ಡೀವ್ಸ್‌ನವರ ದಿವೇಹಿ ಭಾಷೆಯಲ್ಲಿ ‘ಧನ್ಯವಾದ’ ಅಂತ ಬರೆಸಬೇಕು ಅನ್ನೋದು ನನ್ನ ಆಸೆ.

ಫೋನಿನಲ್ಲಿ ಅಕ್ಷರ ತೋರಿಸಿದೆ. ದಿವೇಹಿಯ ತಾನಾ ಲಿಪಿಯನ್ನೂ ಉರ್ದು ಹಾಗೆ ಬಲದಿಂದ ಎಡಕ್ಕೆ ಬರೀತಾರೆ. ಚಾಚಾ ಕನ್ನಡಕ ಏರಿಸಿ ನೋಡಿ, “ಅಕ್ಕೋರೆ, ಇದು ಏಳು ಅಲ್ಲೇನ್ರಿ? ಇದು ನಾಲ್ಕು!” ಅಂದರು. ಹೌದು, ತಾನಾದ ಮೊದಲ ಒಂಬತ್ತು ಅಕ್ಷರ ಹುಟ್ಟಿದ್ದೇ ಅರಬ್ಬಿ ಅಂಕಿಗಳಿಂದ. ನಾನು ಅಲ್ಲಿಗೆ ಹೋದ ಹೊಸದರಲ್ಲಿ ಮಕ್ಕಳೇ ನನಗೆ ಹೇಳಿಕೊಟ್ಟಿದ್ದು. ಇದನ್ನು ಓದೋದು ಹೇಗೆ ಅಂತ ಚಾಚಾ ಕೇಳಿದರು. ‘ಶುಕುರಿಯ್ಯಾ’ ಅಂದೆ. “ಅರೆ, ಇದು ನಮ್ಮ ಶುಕ್ರಿಯಾನೇ ಅದ” ಅಂತ ನಕ್ಕು, ಆಮೇಲೆ ಮತ್ತೇನೂ ಕೇಳದೆ ಉಳಿ ಹಿಡಿದರು.

ಹೇಳಿದ ದಿನಕ್ಕೆ ಕೊಡಲಿಲ್ಲ, ಎರಡು ದಿನ ತಡ ಆಯಿತು. ಆ ಎರಡೂ ದಿನ ಹತ್ತಿರದಲ್ಲೇ ಇರುವ ಮಹಮೂದ್ ಗವಾನನ ಮದರಸಾದಲ್ಲಿ ಕೂತು ಕಾದೆ. ಗವಾನ್ ಪರ್ಷಿಯಾದಿಂದ ಬಂದು ಬಹಮನಿ ಸುಲ್ತಾನರ ಮಂತ್ರಿಯಾದವನು. 1472ರಲ್ಲಿ ಅದನ್ನು ಕಟ್ಟಿ, ದೂರದ ದೇಶಗಳಿಂದ ಪಂಡಿತರನ್ನು ಕರೆಸಿ ಪಾಠ ಹೇಳಿಸಿದ. ಚಿಕ್ಕಂದಿನಿಂದ ಎಷ್ಟು ಸಲ ನೋಡಿದ್ದೀನೋ, ಆದರೆ ಇಲ್ಲಿಗೆ ಬಂದ ಮೇಷ್ಟ್ರುಗಳು ವಾಪಸ್ ಹೋಗುವಾಗ ಏನು ಒಯ್ದಿರಬಹುದು ಅಂತ ಯೋಚಿಸಿದ್ದು ಇದೇ ಮೊದಲು.

ಕೊನೆಯ ಹಂತವನ್ನು ನನ್ನೆದುರೇ ಮಾಡಿದರು. ಸತು ಮತ್ತು ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಡಬ್ಬಿ, ಅಲ್ಲಿಯತನಕ ಬೂದು ಬಣ್ಣ. ಬೆಳ್ಳಿ ತಂತಿ ಎಲ್ಲಿದೆ ಅಂತ ಹುಡುಕಬೇಕು, ಹಾಗಿತ್ತು. ಕೋಟೆಯೊಳಗೆ ಬಿಸಿಲು ಮಳೆ ತಾಗದ ಜಾಗದ ಮಣ್ಣನ್ನು ಚಿಟಿಕೆ ನಾಲಿಗೆಗೆ ಇಟ್ಟು ರುಚಿ ನೋಡಿದರು, ಅದರಲ್ಲೇ ಅವರಿಗೆ ಮಣ್ಣಿನ ಗುಣ ಗೊತ್ತಾಗುತ್ತದೆ. ಅದಕ್ಕೆ ನವಸಾಗರ ಅನ್ನೋ ಲವಣ ಹಾಕಿ ಕುದಿಸಿದ ನೀರನ್ನು ಉಜ್ಜುತ್ತಾ ಹೋದ ಹಾಗೆ ಲೋಹ ಕಪ್ಪಾಯಿತು, ಬೆಳ್ಳಿ ಮಾತ್ರ ಹಾಗೇ ಉಳಿಯಿತು. ಆ ಕಪ್ಪಿನಲ್ಲಿ ಶುಕುರಿಯ್ಯಾ ಬೆಳ್ಳಗೆ ಎದ್ದು ಬಂದಾಗ ನನಗೆ ಕಣ್ಣು ತುಂಬಿ ಬಂತು.

ಒಂದು ಕೀಚೈನ್‌ನಲ್ಲಿ ಬೆಳ್ಳಿ ತಂತಿಯ ತುದಿ ಎದ್ದಿತ್ತು. ತೋರಿಸಿದ ತಕ್ಷಣ ಬೇರೆ ಕೊಟ್ಟರು. ಪ್ಯಾಕಿಂಗ್ ಮಾತ್ರ ಸುಧಾರಿಸಲೇಬೇಕು. ಪೇಪರ್ ಸುತ್ತಿ ಕವರ್‌ಗೆ ಹಾಕಿಕೊಟ್ಟರೆ ವಿಮಾನದಲ್ಲಿ ಒಯ್ಯುವವರಿಗೆ ಸಾಕಾಗಲ್ಲ, ನಾನೇ ಹೊರಗೆ ರಟ್ಟಿನ ಡಬ್ಬ ಮತ್ತು ಥರ್ಮಾಕೋಲ್ ಹುಡುಕಿದೆ. ಬಿದರಿ ಭಾರ ಜಾಸ್ತಿ, ಲಗೇಜ್ ತೂಕ ಮೊದಲೇ ನೋಡಿಕೊಳ್ಳಿ. ಹೆಸರು, ಬರಹ ಕೆತ್ತಿಸೋದಿದ್ದರೆ ಹದಿನೈದು ದಿನ ಮೊದಲು ಹೇಳಿ. ಫೋನ್‌ಪೇ ನಡೆಯುತ್ತದೆ.

ಸಮುದ್ರದ ಉಪ್ಪುಗಾಳಿಗೆ ಹಾಳಾಗುತ್ತಾ ಅಂತ ಕೇಳಿದ್ದೆ. ಆಗಾಗ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತನೆ ಬಟ್ಟೆಯಿಂದ ಒರೆಸಿ ಅಂದರು. ಆ ದ್ವೀಪದಲ್ಲಿ ತೆಂಗಿಗೇನು ಬರ! ಕೊನೆಯ ದಿನ ಡಬ್ಬಿ ಕೊಟ್ಟಾಗ ಆ ಎಣ್ಣೆಯ ಕೆಲಸವನ್ನು ಏಳನೇ ತರಗತಿಯ ಒಬ್ಬಳು ಹುಡುಗಿ ತಾನೇ ಕೇಳಿ ವಹಿಸಿಕೊಂಡಳು. ಮೊನ್ನೆ ಫೋಟೊ ಕಳಿಸಿದ್ದಾಳೆ, ಕಪ್ಪು ಹಾಗೇ ಇದೆ. ಅದನ್ನು ಚಾಚಾಗೂ ಕಳಿಸಿದೆ.