ಅರಳಿಕಟ್ಟೆಯ ರಾಜಿಯೋ, ಲೋಕ ಅದಾಲತ್ತೋ?

ಬದುವಿನ ಜಗಳದಲ್ಲಿ ಕೈ ಮಾಡಿ ಜೈಲು ಸೇರಿದ್ದ ಹುಡುಗ ಜಾಮೀನಿನ ಮೇಲೆ ಚಳ್ಳಕೆರೆ ಕಡೆಯ ಊರಿಗೆ ಬಂದಿದ್ದಾನೆ. ಎರಡೂ ಮನೆಯವರಿಗೆ ರಾಜಿ ಬೇಕು. ಎಲ್ಲಿ ಕೂರುವುದು?

ಅರಳಿಕಟ್ಟೆಯಲ್ಲಿ ಒಂದೇ ಸಂಜೆಗೆ ಮುಗಿಯುತ್ತದೆ. ಆದರೆ ಅಲ್ಲಿ ಗಟ್ಟಿ ದನಿಯವರದೇ ಮಾತು. ಪೆಟ್ಟು ತಿಂದವರನ್ನು "ಆಯ್ತು ಬಿಡಪ್ಪ" ಎಂದು ಸುಮ್ಮನಾಗಿಸುವುದೇ ಹೆಚ್ಚು. ಕೋರ್ಟಿನ ಕೇಸಂತೂ ಹಾಗೇ ಉಳಿಯುತ್ತದೆ.

ಚಿತ್ರದುರ್ಗದ ಲೋಕ ಅದಾಲತ್‌ನಲ್ಲಿ ಶುಲ್ಕವಿಲ್ಲ. ಜೈಲಿನಲ್ಲಿರುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ವಕೀಲರೂ ಉಚಿತ. ಸಣ್ಣ ಗಾಯದಂಥ, ಕಾನೂನು ಒಪ್ಪುವ ಕೇಸು ರಾಜಿಯಾದರೆ ಖುಲಾಸೆಗೆ ಸಮ. ಕೊಲೆ, ಅತ್ಯಾಚಾರದ ಕೇಸು ಅಲ್ಲಿ ರಾಜಿಯಾಗುವುದಿಲ್ಲ. ಕೊರತೆ ಒಂದೇ: ದಿನಕ್ಕೆ ರಾಶಿ ಕೇಸು, ಮನಸ್ಸು ಬಿಚ್ಚಲು ಪುರುಸೊತ್ತಿಲ್ಲ.

ಸಹಿ ಅದಾಲತ್‌ನಲ್ಲೇ ಆಗಲಿ ಎನ್ನುತ್ತೇನೆ. ಅದಕ್ಕೂ ಮುಂಚೆ, ಪೆಟ್ಟು ತಿಂದವರು ಮನಸಾರೆ ಒಪ್ಪಿದರೆ ಮಾತ್ರ, ಅವರ ಮನೆಯಲ್ಲೇ ಒಮ್ಮೆ ಕೂರಿ. (ಜಾಮೀನಿನ ಷರತ್ತು ಅಡ್ಡ ಬರುತ್ತದೆಯೇ ಎಂದು ವಕೀಲರನ್ನು ಮೊದಲು ಕೇಳಿ.) 1974ರಲ್ಲಿ ಕೆನಡಾದ ಎಲ್ಮೈರಾದಲ್ಲಿ ಇಬ್ಬರು ಹುಡುಗರು ಹೀಗೇ ನೊಂದವರ ಮನೆಬಾಗಿಲಿಗೆ ಹೋಗಿದ್ದರು.

ನಾನು ಕಂಡ ಒಂದು ಮನೆಯಲ್ಲಿ ಯಜಮಾನರು ಹಣೆಯ ಹೊಲಿಗೆ ಮುಟ್ಟಿ, "ರಾತ್ರಿ ಇನ್ನೂ ಬೆಚ್ಚಿ ಏಳ್ತೀನಪ್ಪ" ಅಂದರು. ಹುಡುಗ ತಲೆಯೆತ್ತಲಿಲ್ಲ. ಶೇಂಗಾ ಸುಲಿಯುತ್ತಿದ್ದ ಅವರ ಹೆಂಡತಿಯ ಕೈ ಹಾಗೇ ನಿಂತಿತು.