ಕುಂದಾ ತಿನ್ನಿಸಿ ಸೀಟು ಮಾರ್ತಾರೆ, ಹುಷಾರು!

ಮೊದಲೇ ಹೇಳಿಬಿಡ್ತೀನಿ, ತಪ್ಪು ನಂದೂ ಇದೆ. ಕಾಲೇಜು ನೋಡದೆ ದುಡ್ಡು ಕಟ್ಟಿದೆವು. ಕಟ್ಟಿದ ಮೇಲೆ ನೋಡಲು ಹೋದೆವು. ನಗುವವರು ನಗಬಹುದು.

ನಮ್ಮದು ಬಾಗಲಕೋಟೆ ಜಿಲ್ಲೆ. ನನ್ನ ಸಿಇಟಿ ರ‍್ಯಾಂಕ್ ನಾಲ್ಕು ಜನರ ಮುಂದೆ ಹೇಳುವಂಥದ್ದಲ್ಲ. ಆದರೂ ಕಂಪ್ಯೂಟರ್ ಸೈನ್ಸೇ ಬೇಕು ಅಂತ ಹಟ ಹಿಡಿದೆ. ಬೆಳಗಾವಿ ಕಡೆಯ ಒಂದು ಕಾಲೇಜಿನವರು ನವನಗರದ ಲಾಡ್ಜಿನಲ್ಲಿ ಸ್ಪಾಟ್ ಅಡ್ಮಿಶನ್ ಇಟ್ಟಿದ್ದರು. "ಮ್ಯಾನೇಜ್‌ಮೆಂಟ್ ಕೋಟಾದಾಗ ನಾಲ್ಕ ಸೀಟ ಉಳದಾವ್ರಿ, ಸಂಜಿ ಒಳಗ ಹಿಡೀರಿ" ಅಂದರು. ಅಪ್ಪ ಕಬ್ಬಿನ ಬಿಲ್ಲಿನ ದುಡ್ಡಿನಿಂದ 40,000 ರೂಪಾಯಿ ಎಣಿಸಿ ಕೊಟ್ಟ. ನನ್ನ ಪಿಯುಸಿ ಒರಿಜಿನಲ್ ಮಾರ್ಕ್ಸ್ ಕಾರ್ಡನ್ನೂ ವೆರಿಫಿಕೇಶನ್ ಅಂತ ಇಟ್ಟುಕೊಂಡರು.

ಆಮೇಲೆ ಫೋನ್ ಬಂತು. ಸೀಟು ಹಿಡಿದವರಿಗೆ ಭಾನುವಾರ ಕ್ಯಾಂಪಸ್ ತೋರಿಸುತ್ತಾರಂತೆ. ಭಾನುವಾರ! ಭಾನುವಾರ ಯಾವ ಕಾಲೇಜು ನಡೆಯುತ್ತೆ? ಈ ಪ್ರಶ್ನೆ ನನ್ನ ತಲೆಗೇ ಬರಲಿಲ್ಲ. ಲೋಕಾಪುರ, ಯರಗಟ್ಟಿ ದಾಟಿ ಬೆಳಗಿನ ಮೊದಲ ಬಸ್ಸಿಗೆ ಹೋದೆವು. ಗೇಟಿನಲ್ಲಿ ಗುಲಾಬಿ ಹೂವು, ಆಮೇಲೆ ಕುಂದಾ ಡಬ್ಬಿ. ಅಪ್ಪನಿಗೆ "ಬರ್ರಿ ಸಾವಕಾರ್ರ" ಅಂತ ಕುರ್ಚಿ. ಅಪ್ಪ ಅಲ್ಲೇ ಕರಗಿದ.

ಒಬ್ಬ "ಸೀನಿಯರ್" ನಮ್ಮನ್ನು ಸುತ್ತಾಡಿಸಿದ. ಕೊರಳಲ್ಲಿ ಐಡಿ ಕಾರ್ಡು, ಸಿಎಸ್ ಆರನೇ ಸೆಮ್ ಅಂದ. ಲ್ಯಾಬ್ ತಣ್ಣಗಿತ್ತು. ಎಲ್ಲ ಕಂಪ್ಯೂಟರ್ ಆನ್ ಇದ್ದವು. ಎಷ್ಟು ಶಾಂತ ವಾತಾವರಣ ಅಂದುಕೊಂಡೆ, ಹುಚ್ಚ ನಾನು! ಸುಮ್ನೆ ಮಾತಿಗೆ ಅಂತ ಡೇಟಾ ಸ್ಟ್ರಕ್ಚರ್ಸ್ ಹೇಗಿರುತ್ತೆ ಅಂತ ಕೇಳಿದೆ. "ಅದು ಆಪ್ಷನಲ್ ಬ್ರೋ" ಅಂದ. ವಿಟಿಯು ಅಂದರೆ ನಮ್ಮ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳ ಯೂನಿವರ್ಸಿಟಿ. ಅದರಲ್ಲಿ ಮೂರನೇ ಸೆಮ್‌ಗೆ ಎಲ್ಲ ಸಿಎಸ್ ಹುಡುಗರೂ ಓದಲೇಬೇಕಾದ ಸಬ್ಜೆಕ್ಟ್ ಅದು. ನನಗೂ ಗೊತ್ತಿತ್ತು. ಆದರೂ ಹೌದಾ ಬ್ರೋ ಅಂದು ಮುಂದೆ ನಡೆದೆ. ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತೆ.

ಮನೆಗೆ ಬಂದ ಮೇಲೆ ನಮ್ಮೂರಿನ ಅಣ್ಣ ಒಬ್ಬ ಕೇಳಿದ, "ಎನ್‌ಬಿಎ ಯಾವ ಬ್ರಾಂಚಿಗೆ ಐತಿ ನೋಡಿದಿ?" ಎನ್‌ಬಿಎ ಅಂದರೆ ಇಂಜಿನಿಯರಿಂಗ್ ಕೋರ್ಸುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡೋ ಸಂಸ್ಥೆ. ಅದರ ಮಾನ್ಯತೆ ಇದೆ ಅಂತ ಗೇಟಿನ ಮೇಲೆ ದೊಡ್ಡದಾಗಿ ಬರೆದಿದ್ದರಲ್ಲ! ಅಲ್ಲೇ ನಾನು ಮೋಸ ಹೋಗಿದ್ದು. ನ್ಯಾಕ್ ಅನ್ನೋ ಇನ್ನೊಂದು ಮಾನ್ಯತೆ ಸಿಗೋದು ಇಡೀ ಕಾಲೇಜಿಗೆ. ಎನ್‌ಬಿಎ ಹಾಗಲ್ಲ, ಒಂದೊಂದು ಬ್ರಾಂಚಿಗೆ ಬೇರೆ ಬೇರೆ, ಅದೂ ಇಷ್ಟು ವರ್ಷ ಅಂತ. ಎನ್‌ಬಿಎ ವೆಬ್‌ಸೈಟ್ ತೆರೆದೆ. ಇವರ ಹೆಸರಿನ ಮುಂದೆ ಇದ್ದದ್ದು ಮೆಕ್ಯಾನಿಕಲ್ ಒಂದೇ.

ಮಂಗಳವಾರ ಯಾರಿಗೂ ಹೇಳದೆ ಒಬ್ಬನೇ ಹೋದೆ. ಅದೇ ಲ್ಯಾಬು. ಒಳಗೆ ಡಿಪ್ಲೊಮಾ ಹುಡುಗರು, ಒಂದೊಂದು ಕಂಪ್ಯೂಟರಿಗೆ ಮೂವರು. ಭಾನುವಾರ ಬಾಗಿಲಿಗೆ ಅಂಟಿಸಿದ್ದ "ಸಿಎಸ್ ಲ್ಯಾಬ್" ಹಾಳೆ ಅರ್ಧ ಕಿತ್ತು ನೇತಾಡುತ್ತಿತ್ತು. ಕೆಳಗೆ ಫೀ ಕೌಂಟರಿಗೆ ಹೋದರೆ ರಸೀದಿ ಬರೆಯುತ್ತಾ ಕೂತಿದ್ದವನು ಯಾರು ಗೊತ್ತಾ? ನಮ್ಮ ಸೀನಿಯರ್ ಬ್ರೋ! ಆರನೇ ಸೆಮ್ಮೂ ಇಲ್ಲ, ಮಣ್ಣೂ ಇಲ್ಲ. ಅಲ್ಲಿನ ಕ್ಲರ್ಕು. ನನ್ನನ್ನು ನೋಡಿ ತಲೆ ತಗ್ಗಿಸಿದ. ನಾಚಿಕೆ ಆಗಿದ್ದು ಅವನಿಗಿಂತ ನನಗೇ ಜಾಸ್ತಿ.

ಅಡ್ಮಿಶನ್ ಸಾಹೇಬರಿಗೆ ಎನ್‌ಬಿಎ ಬಗ್ಗೆ ಕೇಳಿದೆ. ಉತ್ತರ ಕೇಳಿ: "ತಮ್ಮಾ, ಬೋರ್ಡಿನ್ಯಾಗ ಕಾಲೇಜಿನ ಹೆಸರೈತಿ. ಸಿಎಸ್ ಅಂತ ನಾವೆಲ್ಲಿ ಬರದೇವಿ?" ಲ್ಯಾಬ್ ಬಗ್ಗೆ ಕೇಳಿದರೆ, "ಹೊಸಾ ಬಿಲ್ಡಿಂಗ್ ಪ್ರೊಸೆಸ್‌ನ್ಯಾಗ ಐತಿ." ದುಡ್ಡು ವಾಪಸ್ ಕೊಡಿ ಅಂದರೆ, "ರಸೀದಿ ಹಿಂದ ಓದ್ಕೋ." ರಸೀದಿ ಹಿಂದೆ ಸಣ್ಣ ಅಕ್ಷರದಲ್ಲಿ "ಹಣ ಹಿಂದಿರುಗಿಸಲಾಗುವುದಿಲ್ಲ" ಅಂತಿತ್ತು.

ಅವರು ಹಾಗೆ ಬರೆದುಕೊಂಡರೆ ಮುಗೀತಾ? ಕ್ಲಾಸ್ ಶುರುವಾಗೋ ಮೊದಲು ಸೀಟು ಬಿಟ್ಟರೆ 1,000 ರೂಪಾಯಿಗಿಂತ ಹೆಚ್ಚು ಹಿಡಿಯುವ ಹಾಗಿಲ್ಲ, ಒರಿಜಿನಲ್ ಇಟ್ಟುಕೊಳ್ಳುವ ಹಾಗೂ ಇಲ್ಲ ಅಂತ ತಾಂತ್ರಿಕ ಕಾಲೇಜುಗಳನ್ನು ನಿಯಂತ್ರಿಸೋ ಕೇಂದ್ರದ ಸಂಸ್ಥೆ ಎಐಸಿಟಿಇಯ ನಿಯಮವೇ ಇದೆ. ಅದನ್ನು ಮೊಬೈಲಲ್ಲಿ ತೋರಿಸಿದೆ. "ಅದು ದಿಲ್ಲಿ ರೂಲ್" ಅಂದರು! ಎಐಸಿಟಿಇಗೆ ದೂರು ಕೊಡ್ತೀನಿ ಅಂತ ಮೂರು ತಾಸು ಅಲ್ಲೇ ಕೂತೆ. ಮಾರ್ಕ್ಸ್ ಕಾರ್ಡ್ ಕೈಗೆ ಬಂತು. ದುಡ್ಡು "ಬರೋ ಸೋಮವಾರ". ಅಂಥ ನಾಲ್ಕು ಸೋಮವಾರ ಹೋದವು. ದೂರು ಕೊಟ್ಟಾಗಿದೆ.

ಇಷ್ಟೇ ಕೇಳ್ಕೊಳ್ಳೋದು. ಅವರು ಕರೆದ ದಿನ ಹೋಗಬೇಡಿ, ನೀವಾಗಿ ವಾರದ ದಿನ ಹೋಗಿ. ನಿಮ್ಮ ಬ್ರಾಂಚಿನ ಹೆಸರು ಎನ್‌ಬಿಎ ಪಟ್ಟಿಯಲ್ಲಿ ಇದೆಯಾ ನೀವೇ ನೋಡಿ. ಕ್ಯಾಂಟೀನಿನಲ್ಲಿ ಚಹಾ ಕುಡಿಯೋ ಹುಡುಗರನ್ನು ಕೇಳಿ, ಐಡಿ ಕಾರ್ಡ್ ಹಾಕಿಕೊಂಡು ಮುಂದೆ ಬರುವವರನ್ನಲ್ಲ. ಒರಿಜಿನಲ್ ಸತ್ತರೂ ಬಿಟ್ಟು ಬರಬೇಡಿ.

ಕುಂದಾ ಡಬ್ಬಿಯಲ್ಲಿ ಅವ್ವ ಈಗ ಜೀರಿಗೆ ಹಾಕಿಟ್ಟಿದ್ದಾಳೆ. ಒಗ್ಗರಣೆಗೆ ಅದನ್ನು ತೆಗೆದಾಗೆಲ್ಲ ಅಪ್ಪ ನನ್ನ ಕಡೆ ನೋಡ್ತಾನೆ. ಏನೂ ಅನ್ನಲ್ಲ.

ನಿನ್ನೆ ಆ ಕಾಲೇಜಿನ ನಂಬರಿನಿಂದಲೇ ವಾಟ್ಸಾಪ್ ಬಂತು. ದುಡ್ಡಿನ ವಿಷಯ ಇರಬೇಕು ಅಂತ ಗಡಬಡಿಸಿ ತೆಗೆದೆ. "ನಿಮ್ಮ ಗೆಳೆಯರಿದ್ದರೆ ತಿಳಿಸಿ, ಸಿಎಸ್‌ನಲ್ಲಿ ನಾಲ್ಕೇ ಸೀಟು ಉಳಿದಿವೆ."